ಹೆಸರಿಲ್ಲದ ಚಾಕು

“ಕೊಡು ಈಗ,” ಅಂದಳು ಸಾಕ್ಷಿ, ಬೆಂಚಿನ ಕೆಳಗೆ ಕೈ ಚಾಚಿ.

“ಏನ್ ಕೊಡ್ಲಿ?” ಹುಮೇರಾ ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ.

“ಚಾಕು! ನಮ್ಮ ಮುತ್ಯಾಂದು.”

“ಅರೇ, ನೀನೇ ತಗೊಂಡಿಲ್ಲೇನು? ನಾ ಮುಟ್ಟೇ ಇಲ್ಲ.”

ಸಾಕ್ಷಿ ತನ್ನ ಚೀಲವನ್ನೆಲ್ಲ ತಡಕಿದಳು. ಚಾಕು ಇರಲಿಲ್ಲ.

ಆದದ್ದು ಇಷ್ಟೇ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಇಬ್ಬರೂ ಶಾಲೆಯ ಅಂಗಳದ ಬೇವಿನ ಕಟ್ಟೆಯ ಮೇಲೆ ಕೂತು ಪೇರಲ ಹಣ್ಣು ಹೆಚ್ಚುತ್ತಿದ್ದರು. ಹಣ್ಣು ಬರೀ ನೆಪ. ಗೆಳತಿಯ ಮುಂದೆ ಚಾಕು ತೋರಿಸಿ ಮೆರೆಯಬೇಕಿತ್ತು ಸಾಕ್ಷಿಗೆ! ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗ್ತದ ಅಂತ ಅವರ ಊರು ಮೋರಖಂಡಿಯಲ್ಲಿ ಎಲ್ಲರೂ ಹೇಳುತ್ತಾರೆ. ಒಬ್ಬರು ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. “ನೀನೂ ಹೆಚ್ಚು,” ಅಂತ ಸಾಕ್ಷಿ ಅದನ್ನು ಕಟ್ಟೆಯ ಮೇಲಿಟ್ಟಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವಳು ತಗೊಂಡಳು ಅಂತ ಇವಳು ಅಂದುಕೊಂಡಳು, ಇವಳು ತಗೊಂಡಳು ಅಂತ ಅವಳು ಅಂದುಕೊಂಡಳು. ಇಬ್ಬರೂ ಓಡಿದರು.

ಚಾಕು ಮಡಚಿರಲೂ ಇಲ್ಲ.

ಸಾಕ್ಷಿಯ ಮುತ್ಯಾ, ಅಂದರೆ ಅಪ್ಪನ ಅಪ್ಪ, ದೇವಿಂದ್ರಪ್ಪನಿಗೆ ಹಳೇ ಚಾಕು ಕೂಡಿಡುವ ಹುಚ್ಚು. ಕುರಿ ಕಾಯುತ್ತಾ ಊರೂರು ತಿರುಗಿದ ಮನುಷ್ಯ. ತಗಡಿನ ಪೆಟ್ಟಿಗೆ ತೆರೆದನೆಂದರೆ ಒಂದೊಂದಕ್ಕೂ ಒಂದು ಹೆಸರು, ಒಂದು ಕತೆ. “ಇದು ನಬೀಸಾಬನ ಶಿಕಾರಿ ಚಾಕು. ಕಾಡಹಂದಿ ಬಂದಾಗ ಇದನ್ನ ಕೈಯಾಗ ಹಿಡಕೊಂಡೇ ಜಾಲಿ ಗಿಡ ಏರಿ ಕುಂತಿದ್ದ, ಪುಣ್ಯಾತ್ಮ!” ಅಂತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಕೊಂಬಿನ ಹಿಡಿಕೆಯ ಸಣ್ಣ ಚಾಕುವೊಂದಕ್ಕೆ ಮಾತ್ರ ಹೆಸರಿರಲಿಲ್ಲ. ಹುಮನಾಬಾದಿನ ಗುಜರಿ ಅಂಗಡಿಯಲ್ಲಿ ಸಿಕ್ಕದ್ದು ಅದು. “ಯಾರದೋ ಏನೋ, ಪಾಪ,” ಅನ್ನುತ್ತಿದ್ದ. ಅದಕ್ಕೇ ಸಾಕ್ಷಿ ಅದನ್ನು ತಂದಿದ್ದಳು. ಕತೆ ಇಲ್ಲದ್ದು, ಪೆಟ್ಟಿಗೆಯಲ್ಲಿ ಕಾಣದಿದ್ದರೂ ಮುತ್ಯಾನಿಗೆ ಗೊತ್ತಾಗಲ್ಲ ಅಂತ.

ಹೊರಗೆ ತಾಟುಗಳ ಸದ್ದಾಯಿತು. ಒಂದನೇ ಕ್ಲಾಸಿನವರನ್ನು ಬಿಸಿಯೂಟಕ್ಕೆ ಮೊದಲೇ ಬಿಡುತ್ತಾರೆ. ಅವರು ಕೂರುವುದು ಅದೇ ಕಟ್ಟೆಯ ಮೇಲೆ.

“ಹೇಳಬ್ಯಾಡ,” ಹುಮೇರಾ ಕಿವಿಯಲ್ಲಿ ಪಿಸುಗುಟ್ಟಿದಳು. “ಟೀಚರ್ ನಿಮ್ಮ ಮುತ್ಯಾನ್ನ ಕರಸ್ತಾರ.”

ಸಾಕ್ಷಿಗೂ ಅದೇ ಭಯ. ಆದರೆ ಹೊರಗೆ ಯಾವುದೋ ಪುಟ್ಟ ದನಿ ಕಿಟಾರನೆ ಕಿರುಚಿತು. ಆಟಕ್ಕೋ, ನೋವಿಗೋ? ಸಾಕ್ಷಿ ಎದ್ದು ನಿಂತೇಬಿಟ್ಟಳು.

“ಟೀಚರ್! ನಾ ಚಾಕು ತಂದಿದ್ದೆರಿ. ಕಟ್ಟಿ ಮ್ಯಾಲ ಬಿಟ್ಟು ಬಂದೀನಿ. ಮಡಚಿಲ್ಲರಿ!”

ಮನಿಷಾ ಟೀಚರ್ ಕೈಯಲ್ಲಿದ್ದ ಚಾಕ್‌ಪೀಸ್ ಬಿತ್ತು. ಅವರು ಓಡಿದರು, ಸಾಕ್ಷಿ ಹಿಂದೆಯೇ ಓಡಿದಳು.

“ಯಾರೂ ಮಿಸುಕಾಡಬ್ಯಾಡ್ರಿ!” ಟೀಚರ್ ಕೂಗಿದರು. ಮಕ್ಕಳ ಕೈಗಳು ಅನ್ನದ ಮೇಲೇ ನಿಂತವು.

ಕಟ್ಟೆಯ ಮೇಲೆ ಪೇರಲದ ಸಿಪ್ಪೆ ಇತ್ತು, ಚಾಕು ಇರಲಿಲ್ಲ. ಅಯ್ಯೋ ದೇವರೇ, ಯಾರ ಕೈಯಾಗ ಅದ? ಸಾಕ್ಷಿ ಒಬ್ಬೊಬ್ಬರ ಕೈಯನ್ನೂ ನೋಡಿದಳು.

ಮೂಲೆಯಲ್ಲಿ ಪ್ರಣಿತಾ ಕೂತಿದ್ದಳು, ಹಲ್ಲು ಬಿದ್ದ ಪುಟ್ಟ ಹುಡುಗಿ. ಎಲ್ಲರೂ ಉಣ್ಣುತ್ತಿದ್ದರೆ ಅವಳ ಮುಂದೆ ತಾಟು ಬೋರಲಾಗಿತ್ತು. ಅದರ ಮೇಲೆ ಎರಡೂ ಕೈ ಊರಿಕೊಂಡಿದ್ದಳು.

“ಪ್ರಣಿತಾ, ಕೈ ತಗಿ,” ಅಂದರು ಟೀಚರ್.

“ಒಲ್ಲೆರಿ. ಕೆಳಗ ಚಾಕು ಅದರಿ. ಚಾಕು ಮುಟ್ಟಬ್ಯಾಡ ಅಂದಾಳ ನಮ್ಮವ್ವ. ಅದಕ್ಕ ಮುಚ್ಚೀನಿ. ಯಾರರ ಕುಂತ್ರ ಚುಚ್ಚತದರಿ.”

“ನೀ ಯಾಕ ಉಂಡಿಲ್ಲ?” ಸಾಕ್ಷಿ ಕೇಳಿದಳು.

“ತಾಟು ಇಲ್ಲಲ್ಲಕ್ಕಾ.”

ಸಾಕ್ಷಿಗೆ ಅಳು ಒತ್ತರಿಸಿ ಬಂತು. ಕಣ್ಣು ಒರೆಸುತ್ತಲೇ ಒಳಗೆ ಓಡಿ ತನ್ನ ತಾಟು ತಂದು, ಅನ್ನ ಸಾರು ಹಾಕಿಸಿ ಪ್ರಣಿತಾಳ ಮುಂದಿಟ್ಟಳು. ಬೋರಲು ತಾಟಿನ ಕೆಳಗಿನ ಚಾಕುವನ್ನು ಟೀಚರ್ ಎತ್ತಿಕೊಂಡರು.

ಸಂಜೆ ಮುತ್ಯಾ ಶಾಲೆಗೆ ಬಂದ. ಟೀಚರ್ ಚಾಕುವನ್ನು ಮೇಜಿನ ಮೇಲಿಟ್ಟರು, ಮುತ್ಯಾ ಎತ್ತಿಕೊಂಡ. “ಏನಾಯ್ತು ಅಂತ ನಿಮ್ಮ ಮೊಮ್ಮಗಳೇ ಹೇಳ್ತಾಳ್ರಿ,” ಅಂದರು ಟೀಚರ್. ದಾರಿಯುದ್ದಕ್ಕೂ ಮುತ್ಯಾ ತುಟಿ ಬಿಚ್ಚಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಸಾಕ್ಷಿಗೆ. ಮುತ್ಯಾ ಇನ್ನೆಂದೂ ಪೆಟ್ಟಿಗೆ ತೆರೆದು ತೋರಿಸದಿದ್ದರೆ?

ಮನೆಯಲ್ಲಿ ಮುತ್ಯಾ ಪೆಟ್ಟಿಗೆ ತೆರೆದ. ಚಾಕುವನ್ನು ಅವಳ ಮುಂದೆ ನೆಲಕ್ಕಿಟ್ಟು, ಎಣ್ಣೆಬಟ್ಟೆ ಕೊಟ್ಟ. “ಒರಸು.”

ಸಾಕ್ಷಿ ಮೆಲ್ಲಗೆ ಒರೆಸಿದಳು, ಮಡಚಿದಳು, ನೆಲಕ್ಕಿಟ್ಟಳು.

“ಇದು ಯಾರ ಚಾಕು?” ಮುತ್ಯಾ ಕೇಳಿದ.

ಸಾಕ್ಷಿ ಅದರ ಕೊಂಬಿನ ಹಿಡಿಕೆಯನ್ನೊಮ್ಮೆ ಬೆರಳಿಂದ ಸವರಿದಳು.

“ಪ್ರಣಿತಾಂದು, ಮುತ್ಯಾ.”

“ಯಾವ ಪ್ರಣಿತಾ? ಹೇಳು, ಕೇಳ್ತೀನಿ.”

ಸಾಕ್ಷಿ ಮೊದಲಿಂದ ಹೇಳಿದಳು. ತನ್ನ ಹೆಸರು ಬಂದಲ್ಲೆಲ್ಲ ದನಿ ಸಣ್ಣದಾಯಿತು, ಆದರೂ ಏನನ್ನೂ ಬಿಡಲಿಲ್ಲ. ಮುತ್ಯಾ ನಗಲಿಲ್ಲ, ಬೈಯಲೂ ಇಲ್ಲ. ಕೊನೆಗೆ, “ಪ್ರಣಿತಾನ ಚಾಕು,” ಅಂತ ತನ್ನಷ್ಟಕ್ಕೇ ಅಂದುಕೊಂಡು ಕೈ ಚಾಚಿದ.

ಅವನು ಅದನ್ನು ಎತ್ತಿಕೊಳ್ಳುವವರೆಗೂ ಸಾಕ್ಷಿ ಅದರ ಮೇಲಿನ ಕಣ್ಣು ತೆಗೆಯಲಿಲ್ಲ.