ಫೋಟೊಗೆಂದು ಕೊಟ್ಟ ವಿಳಾಸ

ಅಪ್ಪನ ಮೊಬೈಲ್ ಮತ್ತೆ ಬಡಿದುಕೊಂಡಿತು. ಬೆಳಗಿನಿಂದ ಇದು ಮೂರನೇ ಸಲ. ಮೇಘಶ್ರೀ ಇಡ್ಲಿ ತಿನ್ನುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

"ಇಲ್ಲ ಮೇಡಂ, ನಾನು ಎಣ್ಣೆ ಮಾರೋನಲ್ಲ, ಫೋಟೊ ತೆಗೆಯೋನು," ಅನ್ನುತ್ತಿದ್ದ ಅಪ್ಪ.

ಅಪ್ಪ ಇಂದ್ರೇಶ್ ಹಳೇಬೀಡಿನ ದೇವಸ್ಥಾನದ ಮುಂದೆ ಪ್ರವಾಸಿಗರ ಫೋಟೊ ತೆಗೆಯುತ್ತಾನೆ. ಅವರು ಉದ್ದನೆಯ ನೋಟ್‌ಬುಕ್ಕಿನಲ್ಲಿ ತಮ್ಮ ಇಮೇಲ್ ಬರೆದು ಹೋಗುತ್ತಾರೆ. ಸಂಜೆ ಅಪ್ಪ ತನ್ನ ಫೋನ್ ನಂಬರಿನ ಜೊತೆ ಅವರಿಗೆ ಫೋಟೊ ಕಳಿಸುತ್ತಾನೆ.

ನಿನ್ನೆ ಅರಸೀಕೆರೆಯಿಂದ ಅಪ್ಪನ ಅಕ್ಕ ಪುಷ್ಪಲತಾ ಅತ್ತೆ ಬಂದಿದ್ದಳು. ಅವಳ ಗಾಣದ ಕೊಬ್ಬರಿ ಎಣ್ಣೆಗೆ ಗಿರಾಕಿಗಳೇ ಇಲ್ಲವಂತೆ. ಪಾಪ ಅನ್ನಿಸಿತು ಮೇಘಶ್ರೀಗೆ. ಅತ್ತೆಯ ಉಪ್ಪಿನಕಾಯಿ ಜಾಡಿ ಇವರ ಅಡುಗೆಮನೆಯಲ್ಲಿ, ಇವರ ಸೈಕಲ್ಲು ಅತ್ತೆಯ ಮನೆಯಲ್ಲಿ. ಯಾರದು ಯಾವುದು ಅಂತ ಈ ಮನೆಯಲ್ಲಿ ಕೇಳಿದವರುಂಟೇ? ನೋಟ್‌ಬುಕ್ಕೂ ಹಾಗೇ ಅಂದುಕೊಂಡಳು. ಅದರಲ್ಲಿದ್ದ ಎಂಬತ್ತಮೂರು ವಿಳಾಸಗಳನ್ನೂ ಅತ್ತೆಯ ಫೋನಿನಲ್ಲಿ ಒಂದೇ ಮೇಲ್‌ಗೆ ಸಾಲಾಗಿ ತುಂಬಿಸಿ, ಹಳೇಬೀಡಿನ ಫೋಟೊ ಇಂದ್ರೇಶನ ಅಕ್ಕನ ಎಣ್ಣೆ ಅಂತ ಜಾಹೀರಾತು ಕಳಿಸಿಯೇಬಿಟ್ಟಳು. ಯಾರಿಗೆ ಕಳಿಸಿದೆ ಅಂತ ಅತ್ತೆ ಕೇಳಲೂ ಇಲ್ಲ. ಎಂಥಾ ಜಾಣೆ ನೋಡಿ ನಮ್ಮ ಮೇಘಶ್ರೀ!

ಅಪ್ಪ ಫೋನಿಟ್ಟು ಕುಸಿದು ಕೂತ. ತುಮಕೂರಿನ ರಮಾ ಟೀಚರ್ ಅಂತೆ. ಎಲ್ಲರಿಗೂ ಒಂದೇ ಮೇಲ್ ಹೋಗಿದ್ದರಿಂದ ಅವರ ವಿಳಾಸ ಈಗ ಎಂಬತ್ತೆರಡು ಅಪರಿಚಿತರ ಕೈಯಲ್ಲಿದೆ. ಯಾರ್ಯಾರೋ ಅವರಿಗೆ ಏನೇನೋ ಬರೆಯುತ್ತಿದ್ದಾರೆ. ಫೋಟೊ ತೆಗೆಯಲು ಪಾಸು ಕೊಡುವ ಕಚೇರಿಗೆ ದೂರು ಕೊಡುತ್ತಾರಂತೆ. ಪಾಸು ಹೋದರೆ ಅಪ್ಪ ಕ್ಯಾಮೆರಾ ಹಿಡಿದು ದೇವಸ್ಥಾನದ ಮುಂದೆ ನಿಲ್ಲುವ ಹಾಗಿಲ್ಲ.

"ಅಕ್ಕನೇ ಬರ್ಕೊಂಡು ಹೋಗವ್ಳೆ. ಒಡಹುಟ್ಟಿದೋಳು ಹಿಂಗ್ ಮಾಡದಾ?" ಅಪ್ಪ ಸಿಟ್ಟಿನಿಂದ ಅತ್ತೆಯ ನಂಬರ್ ಹುಡುಕತೊಡಗಿದ.

ಸುಮ್ಮನಿದ್ದರೆ ಬೈಗುಳ ಅತ್ತೆಗೆ. ಮೇಘಶ್ರೀ ತಟ್ಟೆ ಬಿಟ್ಟು ಎದ್ದಳು.

"ಅತ್ತೆ ಅಲ್ಲಪ್ಪ. ನಾನು ಕಳ್ಸಿದ್ದು."

ಅಪ್ಪ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ನಾವು ಅವ್ರಿಗೆ ಏನಂತ ಹೇಳಿ ಬರೆಸ್ಕಂಡ್ವಿ ಮಗಾ?"

"ಫೋಟೊ ಕಳಿಸ್ತೀವಿ ಅಂತ."

ಅಪ್ಪ ಫೋನನ್ನು ಅವಳ ಕೈಗಿಟ್ಟ. ರಮಾ ಟೀಚರ್‌ಗೆ ಅವಳೇ ಫೋನ್ ಮಾಡಿದಳು. ತಪ್ಪಾಯಿತು ಅಂತ ತೊದಲುತ್ತಾ ಎಲ್ಲ ಹೇಳಿದಳು.

"ದೂರು ಕೊಡಲ್ಲ ಬಿಡು," ಅಂದರು ಟೀಚರ್ ಎಲ್ಲ ಕೇಳಿ. "ಆದ್ರೆ ಅಷ್ಟು ಜನಕ್ಕೆ ಹೋಗಿರೋದನ್ನ ವಾಪಸ್ ಹೆಂಗೆ ತರ್ತೀಯ ಪುಟ್ಟಾ?"

ಸಂಜೆ ಅಪ್ಪನೂ ಅವಳೂ ಕೂತು, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕ್ಷಮೆ ಕೇಳಿ ಬರೆದರು. ಬೆರಳು ನೋಯುತ್ತಿದ್ದರೂ ಅವಳು ಏಳಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ಮೇಘಶ್ರೀ ದೇವಸ್ಥಾನದ ಹತ್ತಿರ ಹೋದಳು. ಒಬ್ಬ ಹೆಂಗಸು ಫೋಟೊ ತೆಗೆಸಿಕೊಂಡು, ವಿಳಾಸ ಬರೆಯಲು ನೋಟ್‌ಬುಕ್ಕಿನ ಮೇಲೆ ಬಗ್ಗಿದರು. ಅವರ ಕಣ್ಣು ಮೇಲಿನ ಸಾಲುಗಳತ್ತ ಹೋಯಿತು.

ಮೇಘಶ್ರೀ ತಟ್ಟನೆ ಎರಡೂ ಅಂಗೈಗಳಿಂದ ಆ ಸಾಲುಗಳನ್ನು ಮುಚ್ಚಿದಳು.

"ಇಲ್ಲಿ ಕೆಳಗೆ ಬರೀರಿ ಆಂಟಿ. ಫೋಟೊ ಕಳ್ಸೋಕೆ ಅಷ್ಟೇ."

ಅವರು ಬರೆದು ಪೆನ್ನು ಕೊಡುವವರೆಗೂ ಅವಳು ಕೈ ತೆಗೆಯಲಿಲ್ಲ.