ಕೇಳದೆ ಬರೆದ ಸಾಲು

“ಯಾರನ್ನ ಕೇಳಿ ಅಳಿಸಿದ್ರಿ?”

ಯಂತ್ರಗಳ ಕೋಣೆಯ ಬಾಗಿಲಲ್ಲೇ ನಿಂತು ಅವಳು ಕೇಳಿದಳು. ಕೈಯಲ್ಲಿ ದಪ್ಪ ರಿಜಿಸ್ಟರು ಇತ್ತು.

ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ಉದ್ದನೆಯ ಮನುಷ್ಯ ತಲೆ ಎತ್ತಿದ. ಇಂಜಿನಿಯರ್ ಆಗಿ ಕೆಲಸಕ್ಕೆ ಸೇರಿ ಎರಡು ದಿನ ಆಗಿತ್ತಷ್ಟೇ.

“ರೂಟರನ್ನೇ ಕೇಳ್ದೆ,” ಎಂದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಆ ಕಣ್ಣುಗಳಲ್ಲಿ ಕೊಬ್ಬಿರಲಿಲ್ಲ... ಅದೇ ಅವಳಿಗೆ ಇನ್ನಷ್ಟು ಕಿರಿಕಿರಿ.

ಜಗಳ ಏನೆಂದು ಹೇಳಿಬಿಡುತ್ತೇನೆ, ಗಾಬರಿಯಾಗಬೇಡಿ, ಸುಲಭವಿದೆ. ಅದು ರಕ್ತಪರೀಕ್ಷೆಯ ಕಂಪನಿ. ಹನ್ನೊಂದು ಶಾಖೆಗಳು ಫ್ರೇಮ್ ರಿಲೇ ಎಂಬ ಜಾಲದ ಮೂಲಕ ಮುಖ್ಯ ಕಚೇರಿಗೆ ಸೇರಿದ್ದವು. ಒಂದೊಂದು ಶಾಖೆಗೂ ಒಂದೊಂದು ಸರ್ಕ್ಯೂಟ್, ಅಂದರೆ ಒಂದೊಂದು ದಾರಿ. ಆ ಕಡೆಯ ರೂಟರಿಗೆ, ಅಂದರೆ ಮಾಹಿತಿ ದಾಟಿಸುವ ಪೆಟ್ಟಿಗೆಗೆ, ಒಂದು ವಿಳಾಸ. ಯಾವ ವಿಳಾಸಕ್ಕೆ ಯಾವ ಸರ್ಕ್ಯೂಟ್ ಎಂದು ಕೈಯಾರೆ ಬರೆದಿಟ್ಟರೆ ಅದು ಸ್ಟ್ಯಾಟಿಕ್. ಬರೆಯದೆ ಬಿಟ್ಟರೆ ರೂಟರ್ ತಾನೇ ‘ಆ ಕಡೆ ಯಾರಿದ್ದೀರಿ?’ ಎಂದು ಕೇಳಿ ತಿಳಿದುಕೊಳ್ಳುತ್ತದೆ, ಅದು ಡೈನಮಿಕ್. ಅವಳು ಹನ್ನೊಂದನ್ನೂ ಬರೆದಿಟ್ಟಿದ್ದಳು. ಅವನು ಮೂರನ್ನು ಅಳಿಸಿದ್ದ.

“ಏಳನೇ ಶಾಖೇಲಿರೋ ಹಳೇ ಪೆಟ್ಟಿಗೆಗೆ ಉತ್ತರ ಕೊಡೋಕೇ ಬರಲ್ಲ. ಅದನ್ನೂ ಅಳಿಸಿದೀರಾ,” ಎಂದಳು.

ಅವನು ನೋಡಿದ. ನಿಜವಾಗಿತ್ತು. ತಪ್ಪಾಯಿತು ಎಂದು ಒಪ್ಪಿಕೊಂಡು, ಆ ಸಾಲನ್ನು ಅವಳ ಎದುರಿಗೇ ಮತ್ತೆ ಬರೆದ. ಇಷ್ಟು ಬೇಗ ತಪ್ಪು ಒಪ್ಪಿಕೊಳ್ಳುವ ಗಂಡಸನ್ನು ಅವಳು ಆ ಕಚೇರಿಯಲ್ಲಿ ಕಂಡೇ ಇರಲಿಲ್ಲ!

ಕಚೇರಿಯಲ್ಲಿ ಅವನ ಎತ್ತರಕ್ಕೆ ‘ಏಣಿ’ ಎಂದು ಹೆಸರು ಬಿತ್ತು. ಅವಳು ಮೊದಲಿಂದಲೂ ‘ರಿಜಿಸ್ಟರ್ ಮೇಡಂ’. ಶಾಖೆಗಳ ವಿಳಾಸ, ಸರ್ಕ್ಯೂಟ್ ಸಂಖ್ಯೆ, ತುರ್ತಿಗೆ ಬೇಕಾಗುವ ಎಲ್ಲರ ಮನೆಯ ಫೋನ್ ನಂಬರು, ಎಲ್ಲವೂ ಅದರಲ್ಲಿ ಮುದ್ದಾದ ಅಕ್ಷರದಲ್ಲಿ ಇದ್ದವು. ಎಂಟು ತಿಂಗಳು ಇಬ್ಬರೂ ಒಂದೇ ಮೇಜಿನ ಎರಡು ತುದಿಯಲ್ಲಿ ಕೂತು ಕೆಲಸ ಮಾಡಿದರು. ಬರೆಯಬೇಕೋ ಬಿಡಬೇಕೋ ಎಂಬ ವಾದ ಮುಗಿಯಲೇ ಇಲ್ಲ. ವಾದವಿಲ್ಲದ ರಜೆಯ ದಿನಗಳು ಅವಳಿಗೆ ಸಪ್ಪೆ ಎನಿಸತೊಡಗಿದವು.

‘ಇದೇನಾಗ್ತಿದೆ ನನಗೆ...’ ಎಂದು ಅವಳು ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಬಾಯಿಬಿಟ್ಟು ಹೇಳಿಕೊಳ್ಳಲು ಧೈರ್ಯವಿರಲಿಲ್ಲ, ಅಷ್ಟೇ.

ಆಮೇಲೆ ಒಂದು ಬೆಳಿಗ್ಗೆ ಐದನೇ ಶಾಖೆಯ ಸಂಪರ್ಕ ಕಡಿದುಹೋಯಿತು. ಏಣಿ ಇನ್ನೂ ಬಂದಿರಲಿಲ್ಲ. ಅವಳು ರಿಜಿಸ್ಟರ್ ತೆರೆದು ಅವನ ಮನೆಗೆ ಮೊದಲ ಬಾರಿ ಫೋನ್ ಮಾಡಿದಳು. ಹೆಸರು ಹಿಡಿಯಲು ನಾಚಿ, ಇಂಜಿನಿಯರ್ ಇದ್ದಾರಾ ಎಂದಷ್ಟೇ ಕೇಳಿದಳು.

“ಇದಾರೆ, ಸ್ನಾನಕ್ಕೆ ಹೋಗಿದಾರೆ. ನಾನು ಅವರ ಹೆಂಡತಿ. ಏನ್ ಹೇಳ್ಲಿ?” ಎಂದಿತು ಹೆಣ್ಣುದನಿ. ಹಿಂದೆ ಒಂದು ಮಗು ಅಳುತ್ತಿತ್ತು.

ಅವಳು ಫೋನ್ ಇಟ್ಟಳು.

ಎಂಟು ತಿಂಗಳಲ್ಲಿ ಒಮ್ಮೆಯೂ ಮನೆಯ ಮಾತೆತ್ತದ ಮನುಷ್ಯ! ಅವನೇನೂ ಮುಚ್ಚಿಟ್ಟಿರಲಿಲ್ಲ, ಇವಳೂ ಕೇಳಿರಲಿಲ್ಲ. ಆದರೆ ನೊಂದ ಮನಸ್ಸು ಇಷ್ಟು ನ್ಯಾಯವಾಗಿ ಯೋಚಿಸುತ್ತದೆಯೇ? ‘ಮದುವೆಯಾದವನು’ ಎಂದು ಮನಸ್ಸಿನಲ್ಲಿ ಬರೆದುಕೊಂಡಳು, ಅಡಿಗೆರೆ ಎಳೆದಳು, ಅಲ್ಲಿಗೆ ಮುಗಿಸಿದಳು.

ಅಂದಿನಿಂದ ಮಾತು ‘ಹೌದು’, ‘ಇಲ್ಲ’, ‘ಸರಿ’ಗೆ ಇಳಿಯಿತು. ಅವನು ಎರಡು ಸಲ ಏನಾಯಿತೆಂದು ಕೇಳಿದ. ಏನೂ ಇಲ್ಲ ಎಂದಳು. ಒಂದೂವರೆ ತಿಂಗಳು ಕಾದು, ದೂರದ ಒಂಬತ್ತನೇ ಶಾಖೆಗೆ ಮೂರು ತಿಂಗಳ ಮಟ್ಟಿಗೆ ವರ್ಗ ಕೇಳಿಕೊಂಡ.

ಹೊರಡುವ ದಿನ ಅವಳ ಮೇಜಿನ ಬಳಿ ನಿಂತು, “ಏನಾದ್ರೂ ಹೇಳೋದಿದ್ಯಾ?” ಎಂದ.

“ಕೋಣೆ ಕೀಲಿಕೈ ಕೊಟ್ಟು ಹೋಗಿ,” ಎಂದಳು.

ಅವನು ಕೊಟ್ಟು ಹೋದ. ಆ ಕೀಲಿಕೈ ಇಡೀ ಮಧ್ಯಾಹ್ನ ಅವಳ ಮುಷ್ಟಿಯಲ್ಲೇ ಇತ್ತು.

ಮಗಳು ಸೊರಗುತ್ತಿರುವುದು ಅಮ್ಮನಿಗೆ ಕಾಣದೇ ಇರುತ್ತದೆಯೇ? ಅಮ್ಮ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಬರೆದಿಡುವ ಅಭ್ಯಾಸ ಮಗಳಿಗೆ ಬಂದದ್ದೇ ಅವರಿಂದ. ಒಂದು ಸಂಜೆ ಒಗೆದ ಬಟ್ಟೆ ಮಡಚುತ್ತಾ ಎಲ್ಲವನ್ನೂ ಬಾಯಿಬಿಡಿಸಿದರು.

“ಅವನನ್ನ ಕೇಳಿದ್ಯಾ?”

“ಕೇಳೋದೇನಮ್ಮ? ನನ್ನ ಕಿವಿಯಾರೆ ಕೇಳಿಸ್ಕೊಂಡೆ.”

“ಊರಿನ ನಂಬರೆಲ್ಲ ನಂಗೆ ಬಾಯಿಪಾಠ ಇತ್ತು ಕಣೇ. ಆದ್ರೂ ‘ಯಾರು ಮಾತಾಡೋದು’ ಅಂತ ಕೇಳ್ದೆ ಒಂದು ದಿನವೂ ಲೈನ್ ಜೋಡಿಸ್ಲಿಲ್ಲ,” ಎಂದರು ಅಮ್ಮ. ಮಗಳು ಎದ್ದು ಒಳಗೆ ಹೋದಳು.

ಮೂರು ತಿಂಗಳು ಮುಗಿಯುವ ವಾರ ಒಂಬತ್ತನೇ ಶಾಖೆ ಹೊಸ ಕಟ್ಟಡಕ್ಕೆ ಹೋಯಿತು. ಹಸಿರು ದೀಪ ಉರಿಯುತ್ತಿತ್ತು, ಸರ್ಕ್ಯೂಟ್ ಜೀವಂತ ಎಂದು ಪರದೆ ಹೇಳುತ್ತಿತ್ತು. ಆದರೆ ಒಂದಕ್ಷರವೂ ಆ ಕಡೆಗೆ ಹೋಗುತ್ತಿಲ್ಲ, ಬರುತ್ತಿಲ್ಲ!

ಅವಳು ಶಾಖೆಗೆ ಫೋನ್ ಮಾಡಿದಳು. ಎತ್ತಿದ್ದು ಅವನೇ.

ತನ್ನ ಕಡೆ ಎಲ್ಲ ಸರಿಯಿದೆ, ತಪ್ಪೇನಿದ್ದರೂ ನಿಮ್ಮ ಕಡೆಯದೇ ಎಂದು ಅವಳು ಒಂದೇ ಉಸಿರಿಗೆ ಹೇಳಿದಳು. ಅವನು ಪೂರ್ತಿ ಕೇಳಿದ.

“ಇಲ್ಲಿ ಹೊಸ ರೂಟರ್, ಹೊಸ ವಿಳಾಸ. ಹತ್ತು ದಿನದ ಹಿಂದೆ ಕಾಗದ ಕಳಿಸಿದ್ದೆ. ಸಿಗ್ಲಿಲ್ವಾ?”

ಸಿಕ್ಕಿತ್ತು. ಡ್ರಾಯರಿನಲ್ಲಿತ್ತು. ಲಕೋಟೆಯ ಮೇಲೆ ಅವನ ಕೈಬರಹ ಕಂಡು ಒಡೆಯಲು ಮನಸ್ಸೇ ಬಂದಿರಲಿಲ್ಲ... ಅವಳ ಕಣ್ಣು ತುಂಬಿತು.

“ಓದ್ಲಿಲ್ಲ,” ಎಂದಳು.

“ಪರವಾಗಿಲ್ಲ. ನಿಮ್ಮ ಹಳೇ ಸಾಲು ಅಳಿಸಿ. ಅದಿರೋವರೆಗೂ ಈ ಸರ್ಕ್ಯೂಟಲ್ಲಿ ನಿಮ್ಮ ರೂಟರ್ ಯಾರು ಅಂತ ಕೇಳೋದೇ ಇಲ್ಲ. ಗೊತ್ತಿದೆ ಅಂದ್ಕೊಂಡು ಕೂತಿರುತ್ತೆ.”

ಅವಳಿಗೆ ಗೊತ್ತಿರದ ವಿಷಯವೇನಲ್ಲ. ಹೊಸಬರಿಗೆ ಅವಳೇ ಹೇಳಿಕೊಟ್ಟದ್ದು. ಆದರೂ ಇಂದು ಅದು ಎದೆಗೇ ತಾಗಿತು. ಸಾಲನ್ನು ಅಳಿಸಿದಳು. ಇಬ್ಬರೂ ಫೋನ್ ಹಿಡಿದು ಸುಮ್ಮನೆ ಕಾದರು. ನಿಮಿಷದೊಳಗೆ ಪಟ್ಟಿಯಲ್ಲಿ ಹೊಸ ವಿಳಾಸ ಮೂಡಿತು. ಪಕ್ಕದಲ್ಲಿ ‘ಡೈನಮಿಕ್’ ಎಂಬ ಪದ.

“ಬಂತು,” ಎಂದಳು.

“ಒಳ್ಳೇದಾಯ್ತು. ಸಿಬ್ಬಂದಿ ವಿಭಾಗಕ್ಕೆ ನಾಲ್ಕು ಗಂಟೆಯೊಳಗೆ ಈ ಲೈನಲ್ಲೇ ಒಂದು ಪತ್ರ ಕಳಿಸ್ಬೇಕಿತ್ತು. ನನ್ನನ್ನ ಇಲ್ಲೇ ಖಾಯಂ ಮಾಡಿ ಅಂತ.”

ಗೋಡೆಯ ಗಡಿಯಾರದಲ್ಲಿ ಮೂರೂವರೆ. ತಾನೇ ದಾರಿ ತೆರೆದುಕೊಟ್ಟಿದ್ದಳು. ಅದೇ ದಾರಿಯಲ್ಲಿ ಅವನ ಪತ್ರ ಬರಲಿತ್ತು. ಸುಮ್ಮನಿದ್ದರೆ ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯುತ್ತಿತ್ತು. ‘ಕೇಳು... ಒಂದು ಸಲ ಕೇಳು...’ ಎಂದು ಮನಸ್ಸು ಚೀರಿತು.

“ನಿಮ್ಮ ಹೆಂಡತಿ, ಮಗು... ಅವ್ರೂ ಅಲ್ಲಿಗೇ ಬರ್ತಾರಾ?”

“ಯಾರ ಹೆಂಡತಿ?”

ಅವಳು ತಡವರಿಸುತ್ತಾ ಆ ಬೆಳಗಿನ ಫೋನಿನ ಕಥೆ ಹೇಳಿದಳು. ರಿಜಿಸ್ಟರಿನ ನಂಬರನ್ನೂ ಓದಿದಳು.

ಅವನು ಆ ನಂಬರನ್ನು ಇನ್ನೊಮ್ಮೆ ಹೇಳಿಸಿಕೊಂಡ.

“ಅದು ಕಂಪನಿ ಇಂಜಿನಿಯರ್‌ಗಳಿಗೆ ಕೊಡೋ ಮನೆ. ನಾನಲ್ಲಿ ಇದ್ದಿದ್ದು ಮೊದಲ ತಿಂಗಳು ಮಾತ್ರ. ಆಮೇಲೆ ಪರೀಕ್ಷಾ ಯಂತ್ರ ನೋಡ್ಕೊಳ್ಳೋ ಇಂಜಿನಿಯರ್ ಸಂಸಾರ ಬಂತು. ಫೋನ್ ಮನೆ ಜೊತೆಗೇ ಉಳೀತು.” ಅವನು ದನಿ ತಗ್ಗಿಸಿದ. “ನಂಗೆ ಯಾರೂ ಇಲ್ಲ. ನೀವು ಇದ್ದೀರಿ ಅಂದ್ಕೊಂಡಿದ್ದೆ.”

ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅಳುವಿನ ನಡುವೆಯೇ, “ಆ ಪತ್ರ ಕಳಿಸ್ಬೇಡಿ,” ಎಂದಳು.

ಅವನು ಕಳಿಸಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಮೇಜಿನ ತನ್ನ ತುದಿಯಲ್ಲಿ ಬಂದು ಕೂತ. ಅವಳು ಕೀಲಿಕೈಯನ್ನು ಅವನತ್ತ ಸರಿಸಿದಳು. ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದಿದ್ದ ಹಳೆಯ ನಂಬರನ್ನು ಹೊಡೆದುಹಾಕಿ, ಮನೆಯ ನಂಬರು ಹೇಳಿ ಎಂದಳು.

ಅವನು ಪೆನ್ನು ಇಸಿದುಕೊಂಡು ತಾನೇ ಬರೆದ. ಅವಳು ಬಗ್ಗಿ ನೋಡಿದಳು.

“ಇದು ನಮ್ಮ ಮನೆ ನಂಬರು!”

“ಹೌದು. ಕೆಲವನ್ನ ಬರೆದೇ ಇಡ್ಬೇಕು ಅಂತ ನೀವೇ ಹೇಳ್ತಿದ್ರಿ.”

ಕೆನ್ನೆ ಕೆಂಪಾದರೂ ಅವಳು ಬಿಟ್ಟುಕೊಡಲಿಲ್ಲ. “ಯಾರನ್ನ ಕೇಳಿ ಬರೆದ್ರಿ?”

ಅವನು ಪೆನ್ನು ಕೆಳಗಿಟ್ಟ.

“ಈಗ ಕೇಳ್ತಿದೀನಿ,” ಎಂದ.