ಮೊದಲು ಹಗ್ಗ, ಕೊನೆಗೆ ಮೈ

ನಾನು ಅವನನ್ನು ಮೊದಲು ಕಂಡಾಗ ಅವನು ನದಿಯಲ್ಲಿ ಮುಳುಗುತ್ತಿದ್ದ. ಅಂದಷ್ಟೇ ರಾಫ್ಟಿಂಗ್ ತರಬೇತಿಗೆ ಸೇರಿದ್ದ ನಾನು ಕಿರುಚುತ್ತಾ ದಡದುದ್ದಕ್ಕೂ ಓಡಿದೆ. ಸ್ವಲ್ಪ ಮುಂದೆ ಅವನೇ ಎದ್ದು ನಿಂತು, ಮುಖ ಒರೆಸಿಕೊಂಡು, "ಮೇಡಂ, ನಾನು ಪ್ರಾಕ್ಟೀಸ್‌ಗೆ ಮುಳುಗ್ತಿದೀನಿ. ಇದೇ ನನ್ನ ಕೆಲಸ," ಅಂದ.

ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನ ತುಟಿ ಗಂಭೀರವಾಗಿತ್ತು, ಕಣ್ಣು ಮಾತ್ರ ನಗುತ್ತಿತ್ತು. ಆ ಜಿಪುಣ ನಗೆಗೇ ನಾನು ಬಿದ್ದಿದ್ದು.

ಅದಕ್ಕೆ ಮುಂಚೆ ಆರು ವರ್ಷ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿದ್ದೆ. ಭಾನುವಾರ ಬಂತೆಂದರೆ ನದಿ. ಬಂಡೆಗಳ ನಡುವೆ ನೊರೆಗಟ್ಟಿ ನುಗ್ಗುವ ನೀರನ್ನು ನೋಡದಿದ್ದರೆ ಆ ವಾರವೆಲ್ಲ ಮನಸ್ಸೇ ಸರಿ ಇರುತ್ತಿರಲಿಲ್ಲ. ಕೊನೆಗೆ ಕೆಲಸ ಬಿಟ್ಟೆ.

"ನೀರಿಗೆ ಬೀಳೋದೂ ಒಂದು ಉದ್ಯೋಗನೇನೇ?" ಎಂದು ಅಕ್ಕ ಫೋನಿನಲ್ಲಿ ಬೈದಳು.

"ಬಿದ್ದವರನ್ನ ಎತ್ತೋದು ಉದ್ಯೋಗ ಕಣೇ," ಅಂದೆ.

ಎರಡು ವರ್ಷದಲ್ಲಿ ಗೈಡ್ ಆದೆ. ನಾನು ರಾಫ್ಟಿನಲ್ಲಿ ಎಂಟು ಜನರನ್ನು ಕೂರಿಸಿಕೊಂಡು ನದಿ ಇಳಿಯುತ್ತಿದ್ದೆ. ಅವನು ಒಬ್ಬರೇ ಕೂರುವ ಪುಟ್ಟ ಕಯಾಕ್ ದೋಣಿಯಲ್ಲಿ ಮುಂದೆ ಹೋಗಿ, ಯಾರಾದರೂ ಬಿದ್ದರೆ ಹಿಡಿಯಲು ಕಾಯುತ್ತಿದ್ದ. ದಡ ಸೇರಿದ ಮೇಲೆ ಜನ ನನ್ನನ್ನು ತಬ್ಬಿಕೊಂಡು, ಫೋಟೋ ತೆಗೆಸಿಕೊಂಡು, "ನಿಮ್ಮನ್ನ ಮರೆಯೋದೇ ಇಲ್ಲ" ಎಂದು ವ್ಯಾನ್ ಹತ್ತುತ್ತಿದ್ದರು. ಮೂರು ಗಂಟೆಯ ನೆಂಟಸ್ತನ. ನಾನು ಟೈರ್ ಅಂಗಡಿಯ ಮೇಲಿನ ನನ್ನ ಒಂದೇ ಕೋಣೆಗೆ ಹೋಗಿ, ಒದ್ದೆ ಲೈಫ್ ಜಾಕೆಟ್ಟನ್ನು ಕುರ್ಚಿಗೆ ತೊಡಿಸಿ, ಅದರ ಎದುರು ಕೂತು ಊಟ ಮಾಡುತ್ತಿದ್ದೆ. ಎಷ್ಟೋ ದಿನ ಅದರ ಜೊತೆ ಮಾತೂ ಆಡಿದ್ದೇನೆ.

ದಿನಾ ನನ್ನನ್ನು ಮಾತಾಡಿಸುವವನು ಅವನೊಬ್ಬನೇ.

"ಏನ್ರೀ ರಿಸೆಪ್ಷನ್, ಇವತ್ತು ಎಷ್ಟು ಪೇಷಂಟು?"

"ಎಂಟು. ಒಂಬತ್ತನೆಯವರು ನೀವಾಗ್ತೀರಾ?"

"ನನ್ನ ಕಾಯಿಲೆಗೆ ನಿಮ್ಮತ್ರ ಔಷಧಿ ಇರಬೇಕಲ್ಲ!"

ಅಷ್ಟಂದು, ಉತ್ತರಕ್ಕೂ ಕಾಯದೆ ಕಯಾಕ್ ತಿರುಗಿಸಿಬಿಡುತ್ತಿದ್ದ. ಅವನ ಬೆನ್ನು ನೋಡುತ್ತಾ ನದಿ ಇಳಿಯುವುದೇ ನನ್ನ ಹಣೆಬರಹವಾಗಿತ್ತು.

ಆಮೇಲೆ ಅವನಿದ್ದ ರಕ್ಷಣಾ ದಳಕ್ಕೆ ಸೇರುವ ಪರೀಕ್ಷೆ ಬಂತು. ನಮಗೆ ಕಲಿಸುತ್ತಿದ್ದ ಮೇಷ್ಟ್ರದು ಒಂದೇ ನಿಯಮ: ಮೊದಲು ಹಗ್ಗ, ಕೊನೆಗೆ ಮೈ. ದಡದಲ್ಲಿ ನಿಂತು ಹಗ್ಗ ಎಸೆಯಬೇಕು. ಸುಮ್ಮನೆ ಹಾರಿದರೆ ಒಂದು ಹೆಣದ ಜಾಗದಲ್ಲಿ ಎರಡಾಗುತ್ತದೆ.

ಪರೀಕ್ಷೆಯಲ್ಲಿ ಮುಳುಗುವವನು ಅವನೇ. ನನ್ನ ಹಗ್ಗ ಒಂದು ಗೇಣು ಹಿಂದೆ ಬಿತ್ತು. ಅವನು ಬಂಡೆಯ ಹಿಂದೆ ಮಾಯವಾದ. ಹಗ್ಗ ಎಳೆದುಕೊಂಡು ಮತ್ತೆ ಎಸೆಯಲು ಹತ್ತು ಸೆಕೆಂಡು ಸಾಕು. ನಾನು ಹಾರಿಬಿಟ್ಟೆ.

ಅವನು ಬಂಡೆಯ ಹಿಂದಿನ ನಿಂತ ನೀರಿನಲ್ಲಿ ಆರಾಮಾಗಿ ಕೂತಿದ್ದ. ನನ್ನನ್ನು ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು. "ಹಗ್ಗ ಎಲ್ರೀ? ಹಗ್ಗ ಎಲ್ಲಿ?" ಎಂದು ಕೂಗುತ್ತಾ ನನ್ನ ಜಾಕೆಟ್ ಹಿಡಿದೆಳೆದ. ಇಡೀ ದಳ ನೋಡುತ್ತಿತ್ತು. ನಾನು ಫೇಲ್.

ತಿಂಗಳು ಬಿಟ್ಟು ಮತ್ತೆ ಪರೀಕ್ಷೆ. ಅದೇ ಬಂಡೆ, ಅದೇ ಮನುಷ್ಯ. ಈ ಸಲ ತುಟಿ ಕಚ್ಚಿ ನಿಂತೆ, ಎರಡನೇ ಎಸೆತಕ್ಕೆ ಹಗ್ಗ ಅವನ ಕೈಗೆ ಸಿಕ್ಕಿತು. ಪಾಸಾದೆ.

ಮೇಷ್ಟ್ರು ಆಫೀಸಿಗೆ ಕರೆದು ಬಾಗಿಲು ಹಾಕಿದರು. "ಯಾರಿಗೋಸ್ಕರ ಹಗ್ಗ ಬಿಟ್ಟು ಹಾರ್ತೀಯೋ ಅಂಥವರು ಈ ದಳದಲ್ಲಿ ಯಾರಾದ್ರೂ ಇದಾರೇನಮ್ಮ? ಇಲ್ಲ ಅಂದ್ರೆ ಇಲ್ಲೇ ಕೆಲಸ. ಇದಾರೆ ಅಂದ್ರೆ ಕೆಳಗಿನ ಕ್ಯಾಂಪ್."

ಕೆಳಗಿನ ಕ್ಯಾಂಪ್ ಎಂದರೆ ಬಸ್ಸಿನಲ್ಲಿ ನಾಲ್ಕು ಗಂಟೆ ದಾರಿ. ಇಲ್ಲ ಅಂದರೆ ದಿನಾ ಅವನ ಬೆನ್ನಾದರೂ ಕಾಣುತ್ತದೆ. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಂದು ದಿನ ನನ್ನ ಹಗ್ಗದ ತುದಿಯಲ್ಲಿ ಯಾರದೋ ಅಮ್ಮ ಇದ್ದು, ಆಚೆ ಅವನು ಮುಳುಗುತ್ತಿದ್ದರೆ? ನಾನು ಹಗ್ಗ ಬಿಟ್ಟುಬಿಡುತ್ತೇನೆ. ನನಗದು ಗೊತ್ತಿತ್ತು.

"ಇದಾರೆ ಸರ್."

ಮೇಷ್ಟ್ರು ನಿಟ್ಟುಸಿರು ಬಿಟ್ಟು ವರ್ಗಾವಣೆಯ ಕಾಗದಕ್ಕೆ ಸಹಿ ಹಾಕಿದರು. "ಅವನನ್ನೂ ಕೇಳಿದ್ದೆ. ಯಾರೂ ಇಲ್ಲ ಅಂದ."

ಕಾಗದ ಮಡಿಸಿಕೊಂಡು ಹೊರಗೆ ಬಂದೆ.

ಮರುದಿನ ನಾನು ಬಸ್ಸಿನ ಕಿಟಕಿ ಪಕ್ಕ ಕೂತಿದ್ದಾಗ ಅವನು ಬಸ್ ಸ್ಟ್ಯಾಂಡಿಗೆ ಓಡೋಡಿ ಬಂದ.

"ಮೇಷ್ಟ್ರಿಗೆ ಯಾರೂ ಇಲ್ಲ ಅಂದ್ರಂತೆ," ಅಂದೆ.

"ಸುಳ್ಳು ಹೇಳ್ದೆ. ನಿಜ ಹೇಳಿದ್ರೆ ನಿಮ್ಮಿಂದ ದೂರ ಹಾಕ್ತಾರಲ್ಲ." ಏದುಸಿರು ಬಿಡುತ್ತಿದ್ದ. "ಈಗ ಹೋಗಿ ನಿಜ ಹೇಳಿ ಬಂದೆ."

"ನಾನು ಹೊರಟಾಯ್ತು. ಈಗ್ಯಾಕೆ ಹೇಳಿದ್ರಿ?"

"ಯಾರಿಗಾದ್ರೂ ಹೇಳ್ಬೇಕಿತ್ತು. ನಿಮಗೇ ಮೊದಲು ಹೇಳೋ ಧೈರ್ಯ ಬರ್ಲಿಲ್ಲ."

"ಈಗ ಬಂತಾ?"

ಡ್ರೈವರ್ ಹಾರ್ನ್ ಹೊಡೆದ. ಅವನು ಕಿಟಕಿಯ ಸರಳು ಹಿಡಿದು ಬಸ್ಸಿನ ಜೊತೆಗೇ ನಡೆದ. "ನಂಗೆ ನೀವಂದ್ರೆ ಪ್ರಾಣ ಕಣ್ರೀ," ಅಂದ. ಈ ಸಲ ಕಣ್ಣೂ ನಗುತ್ತಿರಲಿಲ್ಲ.

ದಾರಿಯುದ್ದಕ್ಕೂ ಅತ್ತೆ. ಪಕ್ಕದ ಸೀಟಿನ ಮುದುಕಿ ಬಹಳ ಹೊತ್ತು ನೋಡಿ, ನನ್ನ ಕೈ ಹಿಡಿದುಕೊಂಡು ಕೇಳಿದಳು, "ಯಾರಾದ್ರೂ ಹೋಗ್ಬಿಟ್ರಾ ಮಗಳೇ?"

"ಇಲ್ಲಮ್ಮ," ಅಂದೆ. "ಒಬ್ಬರು ಸಿಕ್ಕಿದ್ರು."